ಮುದ್ರಣ ನಿಂತಾಗ ಪ್ರಿಂಟರ್ ಒಂದನ್ನೇ ದೂರದಿರಿ

ಮಾನ್ಯ ಸಂಪಾದಕರೇ,

ಲಿನಕ್ಸ್ ಗಣಕದಲ್ಲಿ ಮುದ್ರಣ ಕೈಕೊಟ್ಟ ಕೂಡಲೇ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ತೆಗೆದು ಮತ್ತೆ ಅಳವಡಿಸಿರೆಂದು ಹೇಳುವುದು ತಂತ್ರಜ್ಞಾನ ಅಂಕಣಗಳಲ್ಲಿ ರೂಢಿಯಾಗಿದೆ. ಇದು ಅವಸರದ ಸಲಹೆಯೆಂದು ನನ್ನ ಅಭಿಪ್ರಾಯ.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮುದ್ರಣವನ್ನು ನಿರ್ವಹಿಸುವ ಕಪ್ಸ್ ವ್ಯವಸ್ಥೆಯಲ್ಲಿ, ಕಡತವನ್ನು ಪ್ರಿಂಟರ್‌ಗೆ ತಿಳಿಯುವ ರೂಪಕ್ಕೆ ತರುವ ಫಿಲ್ಟರ್‌ಗಳೂ ಅದನ್ನು ಯಂತ್ರಕ್ಕೆ ಕಳುಹಿಸುವ ಬ್ಯಾಕೆಂಡ್ ಕೂಡ ಪ್ರತ್ಯೇಕ ಪ್ರೋಸೆಸ್‌ಗಳಾಗಿದ್ದು (ಓಡುತ್ತಿರುವ ಪ್ರೋಗ್ರಾಂಗಳು), ಒಂದರ ಫಲಿತವನ್ನು ಇನ್ನೊಂದಕ್ಕೆ ಹರಿಸುವ ಪೈಪ್‌ಗಳ ಮೂಲಕ ದತ್ತಾಂಶವನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಇವುಗಳಲ್ಲಿ ಒಂದು ನಡುವೆ ಸತ್ತರೆ, ಅದಕ್ಕೆ ಬರೆಯುತ್ತಿದ್ದ ಹಿಂದಿನ ಪ್ರೋಸೆಸ್ ‘ಬ್ರೋಕನ್ ಪೈಪ್’ ಎಂದು ದೂರಬಹುದು. ಆದರೆ ತಪ್ಪು ದೂರಿದ್ದರದ್ದಲ್ಲ, ಸತ್ತದ್ದರದ್ದು. ಮುಂದಿನ ಪ್ರೋಸೆಸ್ ಸಾಯದೆ, ಓದುವುದನ್ನಷ್ಟೇ ನಿಲ್ಲಿಸಿದರೆ ಪತ್ತೆ ಇನ್ನೂ ಕಷ್ಟ: ಪೈಪ್‌ನ ಸಾಮರ್ಥ್ಯ ಸಾಮಾನ್ಯವಾಗಿ 64 ಕಿಲೋಬೈಟ್ ಆಗಿರುವುದರಿಂದ, ಅದು ತುಂಬಿದ ಮೇಲೆ ಬರೆಯುವ ಪ್ರೋಸೆಸ್ ಅಲ್ಲೇ ಕಾಯುತ್ತ ನಿಲ್ಲುತ್ತದೆ, ದೋಷ ಸಂದೇಶವೂ ಬಾರದೆ ಸರದಿಯಲ್ಲಿ ಕೆಲಸ ನಡೆಯುತ್ತಿರುವಂತೆಯೇ ಕಾಣುತ್ತದೆ. ಚಿಕ್ಕ ಕಡತ ಮುದ್ರಣವಾಗಿ ದೊಡ್ಡದು ಸಿಕ್ಕಿಕೊಂಡರೆ ಈ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಬಳಕೆದಾರರಿಗೆ ಕಾಣುವ ‘ಫಿಲ್ಟರ್ ಫೇಲ್ಡ್’ ಎಂಬ ಸಂದೇಶ, ಯಾವ ಫಿಲ್ಟರ್ ಎಂದು ಹೇಳುವ ಸೌಜನ್ಯವನ್ನೂ ತೋರುವುದಿಲ್ಲ. ಆದ್ದರಿಂದ ಪ್ರತಿ ಹೆಜ್ಜೆಯನ್ನೂ ವಿವರವಾಗಿ ದಾಖಲಿಸುವ ಕಪ್ಸ್‌ನ ಡೀಬಗ್ ಲಾಗಿಂಗ್ ಸೌಲಭ್ಯವನ್ನು ಚಾಲೂ ಮಾಡಿ, ಎರರ್ ಲಾಗ್ ಎಂಬ ದಾಖಲೆ ಕಡತದಲ್ಲಿ ಆ ಕೆಲಸದ ಸಂಖ್ಯೆಯನ್ನು ಹಿಡಿದು, ಮೊದಲು ನಿಂತ ಪ್ರೋಸೆಸ್ ಯಾವುದೆಂದು ನೋಡಬೇಕು. ಲಾಗ್ ಮೌನವಾಗಿದ್ದರೆ ಪ್ರೋಸೆಸ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನು ತೋರಿಸುವ ‘ಸ್ಟ್ರೇಸ್’ ಉಪಕರಣವನ್ನು ಪ್ರೋಸೆಸ್‌ಗೆ ಜೋಡಿಸಿ, ಅದು ಓದಲು ಕಾಯುತ್ತಿದೆಯೇ ಬರೆಯಲು ಕಾಯುತ್ತಿದೆಯೇ ಎಂಬುದನ್ನು ತಿಳಿಯಬಹುದು. ಕೆಲಸ ಸರದಿಗೇ ಸೇರದಿದ್ದರೆ ಮಾತ್ರ, ಪ್ರೋಗ್ರಾಂಗಳು ಕಪ್ಸ್‌ಗೆ ಕೆಲಸ ಒಪ್ಪಿಸುವ ಸಂಪರ್ಕಬಿಂದುವಾದ ಸಾಕೆಟ್‌ನಿಂದ ಪರಿಶೀಲನೆ ಆರಂಭಿಸುವುದು ಸರಿ.

ತಮ್ಮ ಅಂಕಣಕಾರರು ಮರುಅಳವಡಿಕೆಗೆ ಮುನ್ನ ಈ ಕ್ರಮವನ್ನು ಸೂಚಿಸಬೇಕೆಂದು ವಿನಂತಿ.

ಇತಿ,
ಓರ್ವ ಓದುಗ