ಜೂಡೋ ಕಲಿಯುತ್ತಿರುವ ಮಗಳಿಗೆ

ಪ್ರೀತಿಯ ಪುಟ್ಟೀ,

ಜೂಡೋ ಕ್ಲಾಸಿಗೆ ಸೇರಿದೆ ಅಂತ ನೀನು ಹೇಳಿದಾಗಿನಿಂದ ನನಗೆ ಎಷ್ಟು ಖುಷಿ ಗೊತ್ತಾ? ಕಾಲೇಜಿನಲ್ಲಿ ನಾನೂ ಆಡಿದವಳು. ನೀನೀಗ ಅದು ಹುಟ್ಟಿದ ಟೋಕಿಯೋದಲ್ಲೇ ಕಲಿಯುತ್ತಿದ್ದೀಯ! 1882ರಲ್ಲಿ ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ ಅಲ್ಲಿನ ಏಶೋಜಿ ಎಂಬ ಬೌದ್ಧ ಗುಡಿಯಲ್ಲಿ, 12 ತತಾಮಿ ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆ ಶುರು ಮಾಡಿದರು. ಹೆಣ್ಣುಮಕ್ಕಳಿಗೆ ಅಂತ ವಿಭಾಗ ಬಂದಿದ್ದು 1926ರಲ್ಲಿ.

ಬಗ್ಗಿ ಬಗ್ಗಿ ಸಾಕಾಯ್ತು, ಇಷ್ಟೊಂದು ನಮಸ್ಕಾರ ಯಾಕೆ ಅಂತ ಕೇಳಿದೆಯಲ್ಲ. ನಿನ್ನನ್ನು ಕೆಡವುವ ಹುಡುಗಿಯ ಕೈಯನ್ನೊಮ್ಮೆ ಗಮನಿಸು. ನೀನು ಬೀಳುವಾಗ ಅವಳು ನಿನ್ನ ತೋಳು ಬಿಡುವುದಿಲ್ಲ. ಕೊನೇ ಗಳಿಗೆಯಲ್ಲಿ ಮೇಲಕ್ಕೆ ಎಳೆದು ಹಿಡಿಯುತ್ತಾಳೆ, ನಿನ್ನ ತಲೆ ನೆಲಕ್ಕೆ ಬಡಿಯದಿರಲಿ ಅಂತ. ನಿನ್ನನ್ನು ಜೋಪಾನ ಮಾಡ್ತೀನಿ ಅಂತ ಆಟಕ್ಕೆ ಮುಂಚೆಯೇ ಕೊಡುವ ಮಾತು ಆ 'ರೇ', ಅಂದರೆ ಬಗ್ಗಿ ಮಾಡುವ ನಮಸ್ಕಾರ. ಅವಳ ಸರದಿ ಬಂದಾಗ ನೀನೂ ಹಾಗೇ ಹಿಡಿಯಬೇಕು. ಅದಕ್ಕೇ ಅವಸರದಲ್ಲಿ ತಲೆ ಆಡಿಸಿ ಮುಗಿಸಬೇಡ. ನಿಂತು, ಸರಿಯಾಗಿ ಬಗ್ಗು.

ಪದಗಳಿಗೆ ಹೆದರಬೇಡ. ಮೊದಲು ಎರಡು ಸಾಕು. 'ಮತೇ' ಅಂದ ಕೂಡಲೇ ಏನು ಮಾಡುತ್ತಿದ್ದರೂ ನಿಲ್ಲಿಸು. ಸೋತೆ ಅನ್ನೋಕೆ 'ಮಾಯಿತ್ತಾ'. ಬಾಯಿ ಬಿಡಲಾಗದಿದ್ದರೆ ಚಾಪೆಯನ್ನೋ ಎದುರಾಳಿಯ ಮೈಯನ್ನೋ ಎರಡು ಸಲ ತಟ್ಟು. ನೋವು ತಡೆದುಕೊಂಡು ಸುಮ್ನೆ ಇರಬೇಡ. ತಟ್ಟೋದು ಅವಮಾನ ಅಲ್ಲ.

ಪಟ್ಟುಗಳ ಹೆಸರು ದೊಡ್ಡದಾಗಿ ಕೇಳಿಸುತ್ತೆ, ಆದರೆ ಬಿಡಿಸಿದರೆ ಸುಲಭ. ಓ ದೊಡ್ಡದು, ಕೊ ಚಿಕ್ಕದು. ಸೊತೊ ಹೊರಗೆ, ಉಚಿ ಒಳಗೆ. ಗಾರಿ ಅಂದರೆ ಕೊಯ್ಯುವುದು. ಎದುರಾಳಿಯ ಕಾಲನ್ನು ಹೊರಬದಿಯಿಂದ ಜೋರಾಗಿ ಬೀಸಿ ಕೊಯ್ದರೆ ಓಸೊತೊಗಾರಿ. ಇದೇ ಪದಗಳನ್ನು ಅದಲುಬದಲು ಮಾಡಿ ಜೋಡಿಸು, ಇನ್ನೂ ಮೂರು ಪಟ್ಟುಗಳ ಹೆಸರು ಸಿಗುತ್ತೆ. ಬಾಯಿಪಾಠ ಯಾಕೆ ಬೇಕು, ಅಲ್ವಾ?

ಆದರೆ ಪಟ್ಟುಗಳಿಗಿಂತ ಮೊದಲು 'ಉಕೆಮಿ', ಬೀಳುವುದನ್ನು ಕಲಿ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿರಲಿ, ಕಣ್ಣು ಬೆಲ್ಟಿನ ಗಂಟಿನ ಮೇಲಿರಲಿ. ಕೈ ಮೈಯಿಂದ ತುಸು ದೂರ ಚಾಚಿ ಚಾಪೆಗೆ ಬಡಿ. ಬೇಜಾರಾದರೂ ಇದನ್ನೇ ಜಾಸ್ತಿ ಮಾಡು.

ಜೂಡೋಗಿ, ಅಂದರೆ ಜೂಡೋ ಅಂಗಿ ತೊಡುವಾಗ ಎಡಮಗ್ಗುಲು ಮೇಲೆ ಬರಬೇಕು. ಬಲಮಗ್ಗುಲು ಮೇಲೆ ಮಾಡಿ ಉಡಿಸುವುದು ಅಲ್ಲಿ ತೀರಿಕೊಂಡವರಿಗೆ. ಚಪ್ಪಲಿ ಚಾಪೆಯ ಅಂಚಿನಲ್ಲಿ ಬಿಡು, ಮುಂಭಾಗ ಹೊರಕ್ಕಿರಲಿ. ಉಗುರು ಕತ್ತರಿಸಿಕೊಂಡೇ ಹೋಗು. ನಿನ್ನ ಉಗುರು ಗೀರಿದರೆ ನೋವು ಇನ್ನೊಬ್ಬಳಿಗೆ.

ಸೇಜಾದಲ್ಲಿ, ಅಂದರೆ ಕಾಲು ಮಡಚಿ ಹಿಮ್ಮಡಿ ಮೇಲೆ ಕೂತು, ಮಂಡಿ ತೀರಾ ನೋಯುತ್ತಿದ್ದರೆ ನಿನ್ನ ಗುರು ಸೆನ್ಸೇಗೆ ಹೇಳು, ಸಂಕೋಚ ಬೇಡ. ಭಾನುವಾರ ಫೋನ್ ಮಾಡಿದಾಗ ಯಾವ ಪಟ್ಟು ಕಲಿಸಿದರು ಅಂತ ಹೇಳು.

ನಿನ್ನ ಅಮ್ಮ