ಕಲ್ಲುಕೊಡಲಿ ಊರಲ್ಲೇ ಇದೆ, ಪ್ರಿಂಟ್ ಯಾಕೆ?

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಊರಿನ ಶಾಲೆಗಳಲ್ಲಿ ಯಾವ ಪಾಠ ನಡೆಯುತ್ತಿದೆ ಅನ್ನೋದು ಅಪ್ಪ ಅಮ್ಮಂದಿರಿಗಿಂತ ಮೊದಲು ನಮ್ಮಂಥವರಿಗೆ ಗೊತ್ತಾಗುತ್ತದೆ. ಸೌರಮಂಡಲ ಬಂದರೆ ವಾರವಿಡೀ ಸೌರಮಂಡಲವೇ. ಶಿಲಾಯುಗದ ಪಾಠ ಬಂತೆಂದರೆ ಸಂಜೆ ಶಾಲೆ ಬಿಟ್ಟ ಕೂಡಲೇ ಅಂಗಡಿ ಮುಂದೆ ಸೈಕಲ್‌ಗಳು ನಿಲ್ಲುತ್ತವೆ. 'ಅಂಕಲ್, ಸ್ಟೋನ್ ಏಜ್ ಟೂಲ್ಸ್, ಕಲರ್ ಪ್ರಿಂಟ್, ಬೇಗ ಕೊಡಿ.' ನೆಟ್‌ನಲ್ಲಿ ಹುಡುಕಿದರೆ ಸಿಗೋದು ಯುರೋಪಿನ ಯಾವುದೋ ಚಕಮಕಿ ಕಲ್ಲು, ಜೊತೆಗೆ ಚರ್ಮ ಹೊದ್ದುಕೊಂಡು ಹಿಮದಲ್ಲಿ ನಡೆಯುತ್ತಿರುವ ಗಡ್ಡದ ಮನುಷ್ಯ. ಹಿಮ, ಅದೂ ಬಳ್ಳಾರಿ ಮಕ್ಕಳ ಚಾರ್ಟಿನಲ್ಲಿ! ಅದನ್ನೇ ಕತ್ತರಿಸಿ ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಿಂದ ಬಾರ್ಡರ್ ಎಳೆದು, ಮಾರ್ಕ್ಸ್ ತೆಗೆದುಕೊಂಡರೆ ಪಾಠ ಮುಗಿಯಿತು.

ಮಕ್ಕಳದ್ದಾಗಲಿ ಮೇಷ್ಟ್ರದ್ದಾಗಲಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಭಾರತದಲ್ಲಿ ಕಲ್ಲುಕೊಡಲಿ ಎಲ್ಲಿ ಮಾಡುತ್ತಿದ್ದರು ಅಂತ ಕೇಳಿದರೆ ತಿಳಿದವರು ಮೊದಲು ಹೇಳುವ ಹೆಸರುಗಳಲ್ಲಿ ನಮ್ಮ ಸಂಗನಕಲ್ಲು ಒಂದು. ಊರಿನಿಂದ ಹತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ, ಗಾಡಿ ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆಯೊಳಗೆ ಬೆಟ್ಟದ ಬುಡ. ಅಲ್ಲಿ ಸಿಕ್ಕಿದ್ದನ್ನು ಇಡಲು ಊರೊಳಗೇ ಮ್ಯೂಸಿಯಂ ಕೂಡ ಇದೆ, ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ. ಹೆಸರು ಉದ್ದ, ಬಾಯಿಪಾಠ ಮಾಡೋದೇ ಕಷ್ಟ. ಪುರಾತತ್ವ ವಿದ್ವಾಂಸ ರವಿ ಕೋರಿಶೆಟ್ಟರ್ ಅವರ ಶ್ರಮ ಅದರ ಹಿಂದೆ ಇದೆ. ಅಂಗಡಿಗೆ ಬರುವ ಮಕ್ಕಳನ್ನು ನಾನು ಸುಮ್ನೆ ಕೇಳುತ್ತೇನೆ, ಅಲ್ಲಿಗೆ ಹೋಗಿದ್ದೀರಾ ಅಂತ. ಎಲ್ಲೋ ಒಬ್ಬರು ಹೌದು ಅನ್ನುತ್ತಾರೆ. ಉಳಿದವರು ಮೈಸೂರು ಅರಮನೆ ನೋಡಿದ್ದಾರೆ, ಬೃಂದಾವನ ನೋಡಿದ್ದಾರೆ.

ನಾನು ಬರೆಯುತ್ತಿರುವುದು ಇಷ್ಟಕ್ಕೇ. ಈ ಮ್ಯೂಸಿಯಂ ಶಾಲೆಯ ಟೈಮ್‌ಟೇಬಲ್‌ನಲ್ಲಿ ಬರಬೇಕು. ಟೂರ್ ಪಟ್ಟಿಯಲ್ಲಿದ್ದರೆ ಸಾಲದು, ಟೈಮ್‌ಟೇಬಲ್‌ನಲ್ಲಿ ಇರಬೇಕು.

ಯಾಕೆ ಅಂತ ಹೇಳಲು ಒಂದು ಕೊಡಲಿ ಸಾಕು. ಸಂಗನಕಲ್ಲಿನ ಕೊಡಲಿ ಅಂಗೈಗಿಂತ ಸ್ವಲ್ಪ ಉದ್ದ, ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ. ಕಲ್ಲು ಕಪ್ಪು, ಡೋಲರೈಟ್ ಅನ್ನುತ್ತಾರೆ. ಬಳ್ಳಾರಿ ಸುತ್ತಿನ ಬೆಟ್ಟಗಳು ಹೆಚ್ಚಾಗಿ ಕಣಶಿಲೆ, ಅಂದರೆ ಗ್ರಾನೈಟ್, ಅದರ ನಡುವೆ ಅಲ್ಲಲ್ಲಿ ಈ ಕರಿಕಲ್ಲಿನ ಪಟ್ಟಿ ಹಾದು ಹೋಗಿರುತ್ತದೆ. ಸಂಗನಕಲ್ಲಿನ ಪಕ್ಕದ ಊರು ಕಪ್ಪಗಲ್ಲು ಕಡೆಯ ಹಿರೇಗುಡ್ಡದಲ್ಲಿ ಅಂಥದೊಂದು ದೊಡ್ಡ ಪಟ್ಟಿ ಇದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿನವರು ಅದರಿಂದ ಕಲ್ಲು ಒಡೆದು, ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಆಮೇಲೆ ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಉಬ್ಬುತಗ್ಗು ತೆಗೆದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲೇ ಉದ್ದುದ್ದ ಗುಳಿ ಬಿದ್ದಿವೆ. ಇವತ್ತಿಗೂ ಅದರಲ್ಲಿ ಬೆರಳಾಡಿಸಿದರೆ ಗಾಜಿನಷ್ಟು ನಯ. ಕೊಡಲಿಯ ಬಾಯಿಯ ಭಾಗವಂತೂ ಪಳಪಳ ಅನ್ನುತ್ತದೆ, ಹಿಂಬದಿಯಲ್ಲಿ ಕುಟ್ಟಿದ ಚುಕ್ಕೆಗಳು ಹಾಗೇ ಉಳಿದಿರುತ್ತವೆ. ಕೈಯಲ್ಲಿ ಹಿಡಿದರೆ ಮಾಡಿದವನು ಎಲ್ಲಿ ಸಾಕು ಅಂದುಕೊಂಡ ಅಂತಲೂ ಗೊತ್ತಾಗುತ್ತದೆ. ಹಿಡಿಗೆ ಸಿಕ್ಕಿಸುವ ಕಡೆಗೆ ಪಾಲಿಶ್ ಯಾಕೆ, ಅಲ್ವಾ? ಒಂದಲ್ಲ ಎರಡಲ್ಲ, ಸುತ್ತಮುತ್ತಲ ಊರುಗಳಿಗೂ ಕೊಡುವಷ್ಟು ಮಾಡುತ್ತಿದ್ದರು. ಈಗಿನ ಮಾತಲ್ಲಿ ಹೇಳುವುದಾದರೆ ಇಂಡಸ್ಟ್ರಿಯಲ್ ಏರಿಯಾ. ನಮ್ಮೂರಲ್ಲಿ ಜೀನ್ಸ್ ಹೊಲಿದು ಊರೂರಿಗೆ ಕಳಿಸುವ ಕೆಲಸಕ್ಕೆ ಮುಂಚೆ ಕೊಡಲಿ ಕಳಿಸುವ ಕೆಲಸ ಇತ್ತು ಅಂದರೆ ಯಾವ ಹುಡುಗ ಕಿವಿ ನೆಟ್ಟಗೆ ಮಾಡುವುದಿಲ್ಲ ಹೇಳಿ.

ಇದು ಪ್ರಿಂಟಿನಲ್ಲಿ ಬರುವುದಿಲ್ಲ. ತೂಕ ಬರುವುದಿಲ್ಲ, ತಣ್ಣಗಿರುವುದು ಬರುವುದಿಲ್ಲ.

ಊಟದ ವಿಷಯ ಇನ್ನೂ ಚೆನ್ನಾಗಿದೆ. ಅಗೆದಾಗ ಸಿಕ್ಕ ಸುಟ್ಟ ಕಾಳುಗಳನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿದರೆ ಹೊರಗೆ ಬಂದದ್ದು ಹುರುಳಿ, ಹೆಸರು, ಕೊರಲೆ. ಹುರುಳಿ ಕಟ್ಟಿನ ಸಾರು ನಮ್ಮ ಮನೆಯಲ್ಲಿ ಮೊನ್ನೆ ಮಾಡಿದ್ದರು. ಕೊರಲೆಯನ್ನು ಈಗ ಸಿರಿಧಾನ್ಯ ಅಂತ ಪ್ಯಾಕೆಟ್ ಮಾಡಿ ದುಬಾರಿಗೆ ಮಾರುತ್ತಿದ್ದಾರೆ. ಶಾಲೆಯ ಬಿಸಿಯೂಟದ ದಿನವೇ ಮಕ್ಕಳನ್ನು ಕರೆದೊಯ್ದು, ನಿಮ್ಮ ತಟ್ಟೆಯಲ್ಲಿರುವ ಕಾಳು ಈ ಬೆಟ್ಟದವರೂ ತಿನ್ನುತ್ತಿದ್ದರು ಅಂತ ತೋರಿಸಿದರೆ, ಇತಿಹಾಸ ಬೋರ್ ಅನ್ನುವ ಮಾತು ಕಡಿಮೆ ಆಗಬಹುದು.

ಮ್ಯೂಸಿಯಂ ಒಳಗೆ ತರಲಾಗದ ವಸ್ತುಗಳೂ ಇವೆ. ಕಪ್ಪಗಲ್ಲಿನ ಗುಡ್ಡದಲ್ಲಿ ಬಂಡೆಯ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಕೆತ್ತಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ, ಬಡಿದ ಜಾಗದಲ್ಲಿ ಬಟ್ಟಲಿನಂಥ ಗುಳಿ ಬಿದ್ದಿದೆ. ಹಾಗೇ ಕುಡತಿನಿಯ ಬೂದಿಗುಡ್ಡ. ಇಂಥ ಬೂದಿ ದಿಬ್ಬಗಳ ಬಗ್ಗೆ ನಮ್ಮ ಕಡೆ ಕಥೆಗಳಿಗೆ ಕೊರತೆ ಇಲ್ಲ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ನಿಜಕ್ಕೂ ಇವು ದನದ ಸಗಣಿ ರಾಶಿ ಹಾಕಿ ಸುಟ್ಟ ಜಾಗಗಳು. ಮ್ಯೂಸಿಯಂಗೆ ಯಾರ ಹೆಸರಿದೆಯೋ ಆ ಬ್ರಿಟಿಷ್ ಕಾಲದ ಭೂಗರ್ಭ ಇಲಾಖೆಯ ಫೂಟ್ ಸಾಹೇಬರಿಗೇ ಆ ಅನುಮಾನ ಇತ್ತು. ಆಮೇಲೆ 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬದಲ್ಲಿ ಅಗೆದಾಗ ದೊಡ್ಡಿಯ ಗುರುತು, ದನದ ಗೊರಸಿನ ಗುರುತು ಸಿಕ್ಕು ವಿಷಯ ಗಟ್ಟಿಯಾಯಿತು. ವಾಲಿಯ ಕಥೆಯನ್ನೂ ಹೇಳಿ, ಗೊರಸಿನ ಗುರುತನ್ನೂ ತೋರಿಸಿ. ಎರಡೂ ಮಕ್ಕಳಿಗೆ ಬೇಕು. ಹೇಳಿದ್ದನ್ನು ಪರೀಕ್ಷೆ ಮಾಡಿ ನೋಡುವುದು ಹೇಗೆ ಅನ್ನುವುದನ್ನು ಕಲಿಸಲು ಇದಕ್ಕಿಂತ ಒಳ್ಳೆ ಪಾಠ ನನಗಂತೂ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದೂ ನಮಗೆ ಗೊತ್ತು. ಎಷ್ಟೋ ಬೂದಿಗುಡ್ಡಗಳು ಹೊಲಕ್ಕೆ ಗೊಬ್ಬರವಾಗಿ ಹೋದವು. ಕಪ್ಪಗಲ್ಲಿನ ಚಿತ್ರಗಳಿಗೆ ಕಲ್ಲು ಕ್ವಾರಿ ಕಾಟ ಕೊಟ್ಟಿತು. ಅದು ಜಲ್ಲಿ ಅಂದುಕೊಂಡವನಿಗೆ ಅದು ಜಲ್ಲಿಯೇ.

ನಮ್ಮ ವಸ್ತುಗಳು ನಮ್ಮಲ್ಲಿ ಇಲ್ಲದಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದನ್ನು ಹೇಳಲೇಬೇಕು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿಗೆ. ನೆಲ ನಮ್ಮದು, ಕಚೇರಿ ಇನ್ನೊಂದು ಕಡೆ. ಬ್ರೂಸ್ ಫೂಟ್ ಭೂಗರ್ಭ ಇಲಾಖೆಯ ಕೆಲಸಕ್ಕೆ ಅಂತ ಬಂದು ಬಳ್ಳಾರಿ ಸೀಮೆಯ ಬೆಟ್ಟಗುಡ್ಡ ಅಲೆದವರು. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕಲ್ಲಿನ ಆಯುಧದಿಂದಲೇ ಭಾರತದ ಹಳೇ ಶಿಲಾಯುಗದ ಅಧ್ಯಯನ ಶುರುವಾಯಿತು ಅನ್ನುತ್ತಾರೆ. ಅವರು ಜೀವಮಾನವೆಲ್ಲ ಕೂಡಿಟ್ಟ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಸರ್ಕಾರಿ ಮ್ಯೂಸಿಯಂ ಕೊಂಡುಕೊಂಡಿತು. ನಮ್ಮ ಕಡೆಯ ಕೊಡಲಿಗಳೂ ಅದರಲ್ಲಿವೆ. ಚೆನ್ನೈ ಎಗ್ಮೋರ್‌ನಲ್ಲಿ ಚೆನ್ನಾಗಿಯೇ ಇಟ್ಟುಕೊಂಡಿರಬಹುದು, ನನ್ನ ತಕರಾರು ಅದಲ್ಲ. ಬಳ್ಳಾರಿ ಹುಡುಗಿ ಬಳ್ಳಾರಿಯ ಕೊಡಲಿ ನೋಡಲು ರಾತ್ರಿ ರೈಲು ಹಿಡಿಯಬೇಕೇ?

ಅಶೋಕನ ಶಾಸನಗಳ ಕಥೆಯೂ ಹೀಗೆಯೇ ಪುಸ್ತಕದಲ್ಲಿ ಉಳಿದಿದೆ. ದೇವಾನಾಂಪಿಯ, ಪಿಯದಸಿ ಅಂತ ಎಲ್ಲ ಕಡೆ ಬರೆಸಿಕೊಂಡ ರಾಜ ಯಾರು ಅನ್ನುವ ಪ್ರಶ್ನೆಗೆ ಅಶೋಕ ಎಂಬ ಹೆಸರನ್ನೇ ಮೊದಲು ತೋರಿಸಿದ್ದು ಮಸ್ಕಿಯ ಬಂಡೆ, 1915ರಲ್ಲಿ. ಚಿನ್ನ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಅಶೋಕನ ಹೆಸರಿರುವ ಶಾಸನಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಮಸ್ಕಿ, ನಿಟ್ಟೂರು, ಉಡೇಗೋಳ ಅದರಲ್ಲಿ ಸೇರಿವೆ. ಒಂದು ರಾಯಚೂರಿನದು, ಎರಡು ನಮ್ಮ ಬಳ್ಳಾರಿ ಜಿಲ್ಲೆಯವು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು ಶಾಸನ ಬೇರೆ ಇವೆ. ಗಂಗಾವತಿ ಹತ್ತಿರ ಹಿರೇಬೆಣಕಲ್ಲಿನಲ್ಲಿ ಬೆಟ್ಟದ ಮೇಲೆ ಕಲ್ಲುಮನೆಯಂಥ ಗೋರಿಗಳ ಊರೇ ಇದೆ, ಜನ ಮೋರ್ಯರ ಗುಡ್ಡ ಅನ್ನುತ್ತಾರೆ. ಮೂರೂ ಜಿಲ್ಲೆ ಸೇರಿಸಿ ಹೇಳುವ ಒಂದು ನಕ್ಷೆ, ಒಂದು ಗೋಡೆ ಮ್ಯೂಸಿಯಂನಲ್ಲಿ ಇದ್ದರೆ ಸಾಕು, ಮಿಕ್ಕಿದ್ದು ಬಸ್ಸಿನ ಕೆಲಸ.

ಅಸ್ಮಿತೆ ಅಂತ ಈಗ ಎಲ್ಲರೂ ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ನನ್ನ ಅಂಗಡಿಯಲ್ಲಿ ಒಂದು ಗಂಟೆ ಕೂತರೆ ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಸಂಗನಕಲ್ಲಿನ ಜನ ಯಾವ ಭಾಷೆ ಆಡುತ್ತಿದ್ದರೋ, ಯಾವ ದೇವರಿಗೆ ಕೈ ಮುಗಿಯುತ್ತಿದ್ದರೋ. ಅವರನ್ನು ನಮ್ಮವರು ಅಂತ ಒಬ್ಬರೇ ಹಕ್ಕು ಹೇಳಲು ಆಗುವುದಿಲ್ಲ, ನಮ್ಮವರಲ್ಲ ಅಂತ ಯಾರೂ ದೂರ ಇಡಲೂ ಆಗುವುದಿಲ್ಲ. ಜಗಳ ಇಲ್ಲದ ಪೂರ್ವಿಕರು! ಇಂಥವರು ಎಲ್ಲ ಊರಿಗೂ ಸಿಗುವುದಿಲ್ಲ.

ಹಾಗಂತ ಮ್ಯೂಸಿಯಂ ಕಲ್ಲಿನ ಕಾಲದಲ್ಲೇ ನಿಲ್ಲಬೇಕಿಲ್ಲ. ಬಳ್ಳಾರಿ ಕನ್ನಡ ನಾಡಿಗೆ ಸೇರುವ ಸಂಭ್ರಮದ ಚಪ್ಪರ ಕಾಯುತ್ತಿದ್ದಾಗ ಆಸಿಡ್ ದಾಳಿಗೆ ಬಲಿಯಾದ ಪಿಂಜಾರ ರಂಜಾನ್ ಸಾಬರ ನೆನಪಿಗೆ ಒಂದು ಮೂಲೆ ಬೇಡವೇ? ನವೆಂಬರ್ ಒಂದಕ್ಕೆ ಬಾವುಟ ಹಿಡಿದು ಓಡಾಡುವ ಹುಡುಗರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿದೆಯೋ. ತೊಗಲುಗೊಂಬೆಯಲ್ಲಿ ಗಾಂಧಿ ಕಥೆ, ಸ್ವಾತಂತ್ರ್ಯ ಹೋರಾಟ ಎಲ್ಲ ತೋರಿಸಿದ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು. ಅಂಥ ಗೊಂಬೆಗಳು ಆಡಿಸುವವರ ಕೈಯಲ್ಲೇ ಚೆನ್ನ, ನಿಜ. ಆದರೆ ತಿಂಗಳಿಗೊಂದು ಸಂಜೆ ಮ್ಯೂಸಿಯಂ ಅಂಗಳದಲ್ಲಿ ಪರದೆ ಕಟ್ಟಿ ಆಡಿಸಬಹುದಲ್ಲ. ಆಟ ನೋಡಲು ಬಂದವರು ಒಳಗೂ ಒಂದು ಸುತ್ತು ಹಾಕುತ್ತಾರೆ.

ಲೋಕದ ಮ್ಯೂಸಿಯಂಗಳ ಸಂಘಟನೆಯಾದ ಐಕಾಂ 2022ರಲ್ಲಿ ಪ್ರಾಗ್ ಸಭೆಯಲ್ಲಿ ಮ್ಯೂಸಿಯಂ ಅಂದರೆ ಏನು ಅನ್ನುವುದನ್ನೇ ಹೊಸದಾಗಿ ಬರೆದುಕೊಂಡಿತು. ಎಲ್ಲರಿಗೂ ತೆರೆದಿರಬೇಕು, ಸುತ್ತಲಿನ ಜನ ಅದರಲ್ಲಿ ಭಾಗಿಯಾಗಬೇಕು ಅಂತ ಅದರಲ್ಲಿದೆ. ಒಳ್ಳೇದು. 1977ರಿಂದ ಮೇ 18ನ್ನು ಮ್ಯೂಸಿಯಂ ದಿನ ಅಂತ ಆಚರಿಸುತ್ತಾರೆ. ಮೇ 18! ನಮ್ಮ ಶಾಲೆಗಳಿಗೆ ಬೇಸಿಗೆ ರಜೆ, ಬಳ್ಳಾರಿ ಬಿಸಿಲಿಗೆ ನಾಯಿ ಕೂಡ ಹೊರಗೆ ಬರುವುದಿಲ್ಲ. ಆ ದಿನ ಭಾಷಣ ಮಾಡಿ ಫೋಟೊ ಹಾಕಿದರೆ ಮಕ್ಕಳಿಗೆ ಬಂದ ಭಾಗ್ಯವೇನು? ನಮ್ಮ ಊರಿನ ಮ್ಯೂಸಿಯಂ ದಿನವನ್ನು ಮಳೆ ಬಿದ್ದು ತಂಪಾದ ಮೇಲೆ, ಶಾಲೆ ನಡೆಯುವಾಗ ಇಟ್ಟುಕೊಳ್ಳೋಣ.

ಪರಿಚಯದ ಒಬ್ಬ ಮೇಷ್ಟ್ರ ಹತ್ತಿರ ಈ ಮಾತು ಎತ್ತಿದೆ. 'ಅಣ್ಣಾ, ಪೋರ್ಷನ್ ಮುಗಿಸೋದೇ ಕಷ್ಟ, ಮಕ್ಕಳನ್ನು ರಸ್ತೆ ದಾಟಿಸೋ ಜವಾಬ್ದಾರಿ ಬೇರೆ' ಅಂದರು. ಅವರ ಕಷ್ಟ ಸುಳ್ಳಲ್ಲ. ಒಬ್ಬ ಮೇಷ್ಟ್ರು, ಐವತ್ತು ಮಕ್ಕಳು, ಬಸ್ಸಿಗೆ ದುಡ್ಡು ಯಾರು ಕೊಡಬೇಕು, ಏನಾದರೂ ಆದರೆ ಯಾರನ್ನು ಕೇಳುತ್ತಾರೆ. ಅದಕ್ಕೇ ಇದನ್ನು ಮೇಷ್ಟ್ರ ಉತ್ಸಾಹಕ್ಕೆ ಬಿಡಬಾರದು ಅನ್ನುವುದು. ಶಿಕ್ಷಣ ಇಲಾಖೆಯೇ ಶನಿವಾರದ ಬೆಳಗಿನ ಶಾಲೆಯನ್ನು ಸರದಿಯ ಮೇಲೆ ಮ್ಯೂಸಿಯಂಗೆ ಹಾಕಲಿ. ಒಂದು ಶಾಲೆ, ಒಂದು ತರಗತಿ, ಅಷ್ಟೇ. ನೂರಾರು ಮಕ್ಕಳನ್ನು ಒಟ್ಟಿಗೆ ತಂದು ಸಾಲಿನಲ್ಲಿ ನಡೆಸಿ, ಮುಟ್ಟಬೇಡ, ಮಾತಾಡಬೇಡ, ನಡಿ ನಡಿ ಅಂತ ಹತ್ತು ನಿಮಿಷದಲ್ಲಿ ಹೊರಗೆ ಕಳಿಸುವುದಾದರೆ ದಯವಿಟ್ಟು ಬೇಡ. ಬೆಲೆಬಾಳುವ ಹಳೇ ವಸ್ತು ಗಾಜಿನೊಳಗೆ ಇರಲಿ. ಆದರೆ ಒಂದು ತಟ್ಟೆಯಲ್ಲಿ ಮುಟ್ಟಿ ನೋಡಲು ಹೊಸದಾಗಿ ಮಾಡಿಸಿದ ನಾಲ್ಕು ಕೊಡಲಿ ಇಡಿ. ಒಂದು ಚೂರು ಕರಿಕಲ್ಲು, ಒಂದು ಹಿಡಿ ಮರಳು, ಒಂದು ಚೊಂಬು ನೀರು ಕೊಟ್ಟು, ಉಜ್ಜಿ ನೋಡು ಅನ್ನಿ. ಅರ್ಧ ಗಂಟೆ ಉಜ್ಜಿದರೂ ಕಲ್ಲು ಜಗ್ಗುವುದಿಲ್ಲ. ಆಗ ಹುಡುಗರೇ ಕೇಳುತ್ತಾರೆ, ಒಂದು ಕೊಡಲಿಗೆ ಎಷ್ಟು ದಿನ ಬೇಕಿತ್ತು, ಅಷ್ಟು ದಿನ ಅವನಿಗೆ ಊಟ ಯಾರು ಕೊಡುತ್ತಿದ್ದರು ಅಂತ. ಈ ಪ್ರಶ್ನೆ ಬಂದರೆ ಸಮಾಜ ವಿಜ್ಞಾನದ ಅರ್ಧ ಪುಸ್ತಕ ಓದಿದ ಹಾಗೆ.

ಹೇಳಿಕೊಡುವವರು ಬೇಕಲ್ಲ ಅನ್ನಬಹುದು. ಸಂಗನಕಲ್ಲು, ಕಪ್ಪಗಲ್ಲು ಊರಿನ ಓದಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಬಂದ ದಿನಕ್ಕೆ ಇಷ್ಟು ಅಂತ ಸಂಭಾವನೆ ಕೊಡಿ. ಬೆಟ್ಟದ ದಾರಿ ಅವರಿಗೇ ಗೊತ್ತು, ಯಾವ ಬಂಡೆ ನಾದ ಕೊಡುತ್ತದೆ ಅನ್ನುವುದೂ ಗೊತ್ತು. ಅದರಿಂದ ನಾಲ್ಕು ಕಾಸು ಬರುತ್ತದೆ ಅಂದರೆ ಬೆಟ್ಟವನ್ನು ಕಾಯುವವರೂ ಅವರೇ ಆಗುತ್ತಾರೆ, ಬೋರ್ಡು ಬೇಲಿಗಿಂತ ಅದು ಗಟ್ಟಿ. ಇನ್ನು ದುಡಿಯುವ ಜನಕ್ಕೆ ಬಿಡುವು ಸಿಗೋದು ಸಂಜೆ, ಇಲ್ಲಾ ಭಾನುವಾರ. ಮ್ಯೂಸಿಯಂ ಕೂಡ ಆ ಹೊತ್ತಿನಲ್ಲಿ ತೆರೆದಿದ್ದರೆ ಜೀನ್ಸ್ ಹೊಲಿಯುವ ಅಕ್ಕಂದಿರು, ಮಾರ್ಕೆಟ್ಟಿನ ಹಮಾಲರು ಮಕ್ಕಳ ಕೈ ಹಿಡಿದುಕೊಂಡು ಬರುತ್ತಾರೆ.

ಕೊನೆಯದಾಗಿ ಒಂದು ಕೋರಿಕೆ ಜಿಲ್ಲಾಡಳಿತಕ್ಕೆ. ಫೂಟ್ ಸಂಗ್ರಹದಲ್ಲಿರುವ ಬಳ್ಳಾರಿ ಸೀಮೆಯ ವಸ್ತುಗಳಲ್ಲಿ ಕೆಲವನ್ನು ಒಂದು ವರ್ಷದ ಮಟ್ಟಿಗಾದರೂ ಪ್ರದರ್ಶನಕ್ಕೆ ಕೊಡಿ ಅಂತ ಚೆನ್ನೈ ಮ್ಯೂಸಿಯಂಗೆ ಒಂದು ಪತ್ರ ಬರೆಯಲಿ. ಮ್ಯೂಸಿಯಂಗಳ ನಡುವೆ ಇಂಥ ಕೊಡುಕೊಳ್ಳುವಿಕೆ ಹೊಸದೇನಲ್ಲ. ಅಸಲು ಕಳಿಸುವುದಿಲ್ಲ ಅಂದರೆ ಅಚ್ಚು ತೆಗೆದು ಪ್ರತಿಕೃತಿ ಮಾಡಿಕೊಳ್ಳಲು ಒಪ್ಪಿಗೆ ಕೇಳಲಿ. ಅದೂ ಬೇಡ ಅಂದರೆ ಆಗ ನೋಡೋಣ. ಮೊದಲು ಪತ್ರವಾದರೂ ಹೋಗಲಿ.

ಇಂತಿ ನಿಮ್ಮ ಓದುಗ,
ಬಳ್ಳಾರಿಯ ಜೆರಾಕ್ಸ್ ಅಂಗಡಿಯವ