ಡೋರಾ ಬದುಕಿದ್ದಳು ಕಣೋ

ಮಾರಾಯ,

ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಹಿಂದಿನ ಬೆಂಚಿನವರು ಓದಿದರೆ ಓದಲಿ.

ಡೋರಾ ರಿಕ್ಟರ್ ಬಗ್ಗೆ ಹೇಳಿದ್ದೆ, ಅಲ್ವಾ? 1892ರಲ್ಲಿ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಸೈಫೆನ್ ಎಂಬ ಬೆಟ್ಟದೂರಿನಲ್ಲಿ, ಬಡ ರೈತರ ಮನೆಯಲ್ಲಿ ಹುಟ್ಟಿದವಳು. ಎಲ್ಲರೂ ಗಂಡುಮಗು ಎಂದರು. ಅವಳು ಒಪ್ಪಲಿಲ್ಲ. ಮುಂದೆ ಬರ್ಲಿನ್‌ನಲ್ಲಿ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅವರ ಲೈಂಗಿಕ ವಿಜ್ಞಾನ ಸಂಸ್ಥೆ ಸೇರಿದಳು. ಅವಳಂಥವರಿಗೆ ಹೊರಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ, ಸಂಸ್ಥೆಯಲ್ಲೇ ಮನೆಗೆಲಸ ಮಾಡಿಕೊಂಡಿದ್ದಳು. 1922ರಲ್ಲಿ ವೃಷಣ ತೆಗೆಸಿಕೊಂಡಳು. 1931ರಲ್ಲಿ ಉಳಿದ ಆಪರೇಷನ್‌ಗಳು. ಎರ್ವಿನ್ ಗೊರ್‌ಬಾಂಟ್ ಎಂಬ ಸರ್ಜನ್ ಯೋನಿ ರೂಪಿಸಿದರು. ಇಷ್ಟೆಲ್ಲ ಮಾಡಿಸಿಕೊಂಡವರಲ್ಲಿ ನಮಗೆ ಗೊತ್ತಿರುವ ಮೊದಲನೆಯವಳು ಇವಳೇ. ಆಸ್ಪತ್ರೆಗಳಿಗೆ ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಎಂಥ ಗುಂಡಿಗೆ ನೋಡು!

1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಆ ಸಂಸ್ಥೆಗೆ ನುಗ್ಗಿ ದೋಚಿದರು. ನಾಲ್ಕೇ ದಿನಕ್ಕೆ ಅಲ್ಲಿನ ಪುಸ್ತಕಗಳಿಗೆ ಬೆಂಕಿ ಬಿತ್ತು. ಡೋರಾಳೂ ಆಗಲೇ ಸತ್ತಿರಬೇಕು ಎಂದು ದಶಕಗಟ್ಟಲೆ ಬರೆದುಕೊಂಡು ಬಂದರು.

ಸತ್ತಿರಲಿಲ್ಲ ಕಣೋ. ಈಚೆಗೆ ಹಳೇ ದಾಖಲೆಗಳು ಸಿಕ್ಕಿವೆ. ತನ್ನ ನಾಡಿಗೆ ಮರಳಿದ್ದಳು. 1934ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಡೋರಾ ಎಂಬ ಹೆಸರು ಕಾನೂನಿನ ಪ್ರಕಾರವೇ ಸಿಕ್ಕಿತು. ಹುಟ್ಟು ಬರೆದಿಟ್ಟ ಚರ್ಚಿನ ಪುಸ್ತಕದಲ್ಲೂ ತಿದ್ದಿದರು. ಹುಟ್ಟೂರಿನಲ್ಲಿ ಲೇಸ್ ಹೆಣೆಯುತ್ತಿದ್ದಳು. ಗಟ್ಟಿ ದಿಂಬಿಗೆ ಗುಂಡುಸೂಜಿ ಚುಚ್ಚಿ, ದಾರ ಸುತ್ತಿದ ಮರದ ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸುತ್ತಾ ಹೆಣೆಯುವ ಕೆಲಸ ಅದು. ಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ ಮಾತಾಡುವವರನ್ನು ಹೊರಹಾಕಿದರು, ಅವರಲ್ಲಿ ಇವಳೂ ಒಬ್ಬಳು. ಜರ್ಮನಿಯ ಬವೇರಿಯಾದ ಆಲರ್ಸ್‌ಬರ್ಗ್ ಸೇರಿ, 1966ರಲ್ಲಿ, 74ನೇ ವಯಸ್ಸಿನಲ್ಲಿ ತೀರಿಕೊಂಡಳು.

ಇದನ್ನು ಓದಿ ಅತ್ತುಬಿಟ್ಟೆ. ನಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದವಳು ನೆನಪಿದ್ದಾಳಾ? ಸೀರೆ ಉಟ್ಟಳೆಂದು ಮನೆಯವರು ಹೊಡೆದು ಓಡಿಸಿದರು. ಆಮೇಲೆ ಬಾಂಬೆಯಲ್ಲಿ ಸತ್ತಳಂತೆ ಎಂದು ಊರು ಮಾತು ಮುಗಿಸಿತು. ಕಣ್ಣಾರೆ ಕಂಡವರಿಲ್ಲ, ಒಂದು ಕಾಗದ ಬಂದಿಲ್ಲ. ಅಂಥವರು ಸತ್ತರು ಅಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲವಲ್ಲ, ಅದು ನನಗೆ ಭಯ ಹುಟ್ಟಿಸುತ್ತದೆ. ನನಗೆ ಅವಳೆಂದರೆ ಇಷ್ಟವಿತ್ತು ಕಣೋ. ಸುಮ್ನೆ ಗೆಳೆತನಕ್ಕಿಂತ ಜಾಸ್ತಿ. ಇದನ್ನು ನಿನಗೂ ಹೇಳಿರಲಿಲ್ಲ.

ಬಾಂಬೆಯಲ್ಲಿ ನಿನ್ನ ಚಿಕ್ಕಪ್ಪ ಇದ್ದಾರಲ್ಲ, ಒಮ್ಮೆ ವಿಚಾರಿಸಿ ನೋಡು.

ಸಾಕಪ್ಪಾ, ಇದನ್ನು ನಿಮ್ಮಮ್ಮನೂ ಓದುತ್ತಾರೆ. ಭಾನುವಾರ ಬರುತ್ತೇನೆ, ಮಾವಿನಮಿಡಿ ಉಪ್ಪಿನಕಾಯಿ ಒಂದಿಷ್ಟು ತೆಗೆದಿಡಲು ಹೇಳು. ನಿಂಬೆ ಸೋಡಾದ ವಿಷಯ ಮಾತ್ರ ಅವರ ಮುಂದೆ ಎತ್ತಬೇಡ.

ನಿನ್ನವನು